ಹಿಂಬದಿಯ ಹನ್ನೊಂದು ಹೆಬ್ಬೆಟ್ಟು

ಕಾಗದಗಳ ಹಿಂಬದಿಯನ್ನು ಸ್ಕ್ಯಾನ್ ಮಾಡುವುದು ಬೇಡ ಎಂದು ವಾದಿಸಿ ಗೆದ್ದವಳು ನಾನು. ಬೇರೆಯವರ ಬಾಯಿಂದ ಬರುವ ಮೊದಲು ನಾನೇ ಹೇಳಿಬಿಡುತ್ತೇನೆ.

ಕದ್ರಿಯ ಇಳಿಜಾರಿನಲ್ಲಿ, ಒಂದು ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಜಿಲ್ಲೆಯ ಹಳೆಯ ಸಂಘಗಳ, ಪಕ್ಷಗಳ, ಚಳವಳಿಗಳ ಕಾಗದಪತ್ರಗಳನ್ನು ಮನೆಮನೆಯಿಂದ ಎರವಲು ತಂದು, ಒಂದೊಂದು ಹಾಳೆಯ ಚಿತ್ರ ತೆಗೆದು, ಯಾರು ಬೇಕಾದರೂ ನೋಡುವ ಹಾಗೆ ಅಂತರ್ಜಾಲದಲ್ಲಿ ಇಡುವುದು ಕೆಲಸ. ಕೆಲಸಕ್ಕಿದ್ದವರು ಇಬ್ಬರು: ನಾನು, ಮತ್ತು ಕೋರ್ಟಿನಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದ ಒಬ್ಬರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ಮಾರಾಯ್ತಿ ಎನ್ನುತ್ತಿದ್ದರು. ತಿಂಗಳಿಗೊಮ್ಮೆ, ಹಣ ಕೊಡುವ ಟ್ರಸ್ಟಿನವರು ಬಂದು, ಎಷ್ಟಾಯಿತು, ಯಾವಾಗ ಮುಗಿಯುತ್ತದೆ ಎಂದು ಕೇಳಿ ಹೋಗುತ್ತಿದ್ದರು.

ಅಂಥ ಒಂದು ಸಭೆಯಲ್ಲಿ ಹಿಂಬದಿಯ ಮಾತು ಬಂತು. ಹಿಂಬದಿಯನ್ನೂ ತೆಗೆಯುವುದಾದರೆ ಕೆಲಸ ಇಮ್ಮಡಿ. ನಾನು ಮೂರು ಕಟ್ಟುಗಳನ್ನು ಮೊದಲೇ ಬಿಚ್ಚಿ ನೋಡಿದ್ದೆ. ಹಿಂಬದಿಗಳು ಬಹುಪಾಲು ಖಾಲಿ. ಕೆಲವುಗಳಲ್ಲಿ ಮಸಿ ಇಳಿದ ಕಲೆ, ಚಹಾದ ಗುರುತು, ಯಾರೋ ಪೆನ್ನು ಬರೆಯುತ್ತದೋ ಎಂದು ಗೀಚಿದ ಗೆರೆ.

"ಹಿಂದೆಯೂ ತೆಗೆಯುವ ಮಾರಾಯ್ತಿ," ಎಂದರು ಸರ್. "ಕೋರ್ಟಿನಲ್ಲಿ ನಾವು ಕಾಗದ ಕೈಗೆ ಬಂದ ಕೂಡಲೇ ಮೊದಲು ತಿರುಗಿಸಿ ನೋಡುವುದು. ಅಭ್ಯಾಸ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಐದು ವರ್ಷ ಕಲಿತದ್ದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದೇ ವಿದ್ಯೆ. ಸಾಬೀತು ಮಾಡುವ ಹೊಣೆಯನ್ನು ಎದುರಾಳಿಯ ತಲೆಗೆ ಕಟ್ಟಿ ಸುಮ್ಮನೆ ಕೂರುವುದು.

"ಅಭ್ಯಾಸ ಕಾರಣ ಆಗುವುದಿಲ್ಲ ಸರ್. ಹಿಂಬದಿಯಲ್ಲಿ ಮುಖ್ಯವಾದದ್ದು ಇತ್ತು ಎನ್ನುವುದಕ್ಕೆ ಒಂದು ಉದಾಹರಣೆ ಕೊಡಿ. ಒಂದೇ ಒಂದು ಸಾಕು."

ಅವರು ಮೂವತ್ತು ವರ್ಷ ಕಾಗದ ತಿರುಗಿಸಿದವರು. ಆದರೆ ಆ ಕ್ಷಣಕ್ಕೆ ಬೇಕಾದ ಒಂದು ಉದಾಹರಣೆ ಅವರ ನಾಲಿಗೆಗೆ ಬರಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಟ್ರಸ್ಟಿನವರು ನನ್ನ ಕಡೆ ತಲೆಯಾಡಿಸಿದರು. ಹಿಂಬದಿ ಬೇಡ ಎಂದು ನಿರ್ಣಯವಾಯಿತು. ಅದನ್ನು ಬರೆದವಳೂ ನಾನೇ, ಅದೂ ಹಾಳೆಯ ಒಂದೇ ಬದಿಯಲ್ಲಿ.

ಆ ವರ್ಷ ಮಳೆಗಾಲಕ್ಕೆ ಮೊದಲು ಬಿಜೈಯ ಒಂದು ಮನೆಯಿಂದ ದೊಡ್ಡ ಪೆಟ್ಟಿಗೆ ಬಂತು. ಹಿಂದಿನ ಕಾಲದಲ್ಲಿ ಬೀಡಿ ಕಾರ್ಮಿಕರ ಪರವಾಗಿ ವಾದಿಸುತ್ತಿದ್ದ ವಕೀಲರೊಬ್ಬರ ಕಾಗದಗಳು. ವಕೀಲರು ತೀರಿಹೋಗಿದ್ದರು. ಅವರ ಸೊಸೆ ಕೊಡಲು ಹಿಂದೆಮುಂದೆ ನೋಡಿದಾಗ, "ಕಾಗದ ಇಲ್ಲಿದ್ದರೆ ಗೆದ್ದಲಿಗೆ, ನಮ್ಮಲ್ಲಿಗೆ ಬಂದರೆ ಶಾಶ್ವತ" ಎಂದು ನಾನು ಅರ್ಧ ಗಂಟೆ ವಾದಿಸಿದ್ದೆ. ಆಗಲೂ ಗೆದ್ದಿದ್ದೆ. ಪೆಟ್ಟಿಗೆಯನ್ನು ಎರಡು ವಾರಗಳಲ್ಲಿ ಮುಗಿಸಿ, ಕಾಗದಗಳನ್ನು ಕಟ್ಟಿ ವಾಪಸು ಕೊಟ್ಟೆವು.

ಮಾರನೆಯ ವರ್ಷ ಮಳೆ ಹಿಡಿದ ಒಂದು ಮಧ್ಯಾಹ್ನ ಒಬ್ಬ ಉಮ್ಮ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತರ ಹತ್ತಿರದ ಬ್ಯಾರಿ ಮುಸ್ಲಿಂ ಹೆಂಗಸು; ಅವರಲ್ಲಿ ಉಮ್ಮ ಎಂದರೆ ಅಮ್ಮ, ನಾನೂ ಹಾಗೆಯೇ ಕರೆದೆ. ಕೊಡೆಯನ್ನು ಬಾಗಿಲ ಹೊರಗೆ ಇಟ್ಟರು, ಚಪ್ಪಲಿಯನ್ನೂ ಬಿಟ್ಟರು, ಬೇಡವೆಂದರೂ ಕೇಳಲಿಲ್ಲ. ನಾನು ತುಳುವಿನಲ್ಲಿ ಮಾತನಾಡಿಸಿದರೆ ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. ಆಫೀಸೆಂದರೆ ಕನ್ನಡ ಎಂಬುದು ಅವರ ಲೆಕ್ಕ.

"ಹಳೆ ಕಾಗದ ಎಲ್ಲ ಕಂಪ್ಯೂಟರಿನಲ್ಲಿ ಉಂಟಂತೆ ಅಲ್ಲ, ಇಲ್ಲಿಯೇ ಅಲ್ಲವಾ ಅದು?"

"ಹೌದು. ಎಂತ ಬೇಕಿತ್ತು?"

"ನಮ್ಮ ಉಮ್ಮ ಬೇಕಿತ್ತು," ಎಂದು ಹೇಳಿ ಅವರೇ ನಕ್ಕರು.

ಕತೆ ಹೀಗೆ. ಅವರ ತಾಯಿ ಬೀಡಿ ಕಟ್ಟುತ್ತಿದ್ದವರು. ಬೀಡಿ ಕಟ್ಟುವವರಿಗೆ ಗುರುತು ಚೀಟಿ ಕೊಡಬೇಕೆಂದು ಕಾರ್ಮಿಕ ಸಂಘದವರು ಕೊಟ್ಟ ಮೊದಲ ಮನವಿಗೆ ಹನ್ನೊಂದು ಹೆಂಗಸರು ಹೆಬ್ಬೆಟ್ಟು ಒತ್ತಿದ್ದರಂತೆ, ಅದರಲ್ಲಿ ಆ ತಾಯಿಯೂ ಒಬ್ಬರಂತೆ. ಮರುವಾರದಿಂದ, ಮನೆಗೆ ಕೆಲಸ ಕೊಡುವ ಬೀಡಿ ಬ್ರಾಂಚಿನವರು ಅವರಿಗೆ ಎಲೆ, ಹೊಗೆಸೊಪ್ಪು ಕೊಡುವುದನ್ನು ನಿಲ್ಲಿಸಿದರು. ಮನವಿಯ ಕಾರಣಕ್ಕೆ ಎಂದು ಹೇಳುತ್ತಾರೆಯೇ? ಎಲೆ ಕದ್ದಳು ಎಂದು ಹೇಳಿದರು. ಆ ಮಾತು ಊರಿನಲ್ಲಿ ಉಳಿಯಿತು. ಮದುವೆ ಮನೆಗಳಲ್ಲಿ, ಕೊಳಾಯಿಯ ಹತ್ತಿರ, ಎಲ್ಲ ಕಡೆ ಅವರು ಎಲೆ ಕದ್ದವಳು. ಸಾಯುವ ತನಕ.

ಈಗ ಸಂಘದವರು ನೆನಪಿನ ಪುಸ್ತಕ ತರುತ್ತಿದ್ದರು. ಮೊದಲ ಮನವಿಗೆ ಸಹಿ ಹಾಕಿದವರ ಹೆಸರುಗಳನ್ನು ಮೊದಲ ಪುಟದಲ್ಲೇ ಹಾಕುತ್ತಾರಂತೆ. ತಾಯಿಯ ಹೆಸರು ಅಲ್ಲಿ ಬಂದರೆ, ಎಲೆ ನಿಂತದ್ದು ಯಾತಕ್ಕೆಂದು ಓದಿದವರಿಗೆ ತಿಳಿಯುತ್ತದೆ. ಇವರಿಗೆ ಬೇಕಾದದ್ದು ಅಷ್ಟೆ. ಪುಸ್ತಕದ ಕಾರ್ಯದರ್ಶಿ ದಾಖಲೆ ತನ್ನಿ ಎಂದಿದ್ದರು.

"ಅವರು ಹೇಳಿದ್ದು ಸರಿಯೇ," ಎಂದೆ ನಾನು. "ನಿಮ್ಮ ಉಮ್ಮ ಹೇಳಿದ್ದು ನೆನಪು. ಅದು ದಾಖಲೆ ಆಗುವುದಿಲ್ಲ."

"ನಮ್ಮ ಉಮ್ಮ ಸುಳ್ಳು ಹೇಳುವ ಜನ ಅಲ್ಲ."

"ಸುಳ್ಳು ಅಂತ ನಾನು ಹೇಳಲಿಲ್ಲ. ಸಾಕ್ಷಿ ಇಲ್ಲ ಅಂತ ಹೇಳಿದ್ದು."

"ಎರಡಕ್ಕೂ ಎಂತ ವ್ಯತ್ಯಾಸ ಮಗಾ?"

ವ್ಯತ್ಯಾಸವನ್ನು ನಾನು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ, ಅದಕ್ಕೇ ಈಗ ಅದನ್ನು ನೆನೆಯಲು ಮನಸ್ಸಾಗುವುದಿಲ್ಲ. ಅವರು ಪೂರ್ತಿ ಕೇಳಿ, "ಆಯ್ತು, ಈಗ ಹುಡುಕು," ಎಂದರು.

ಸಿಗಲು ಹೊತ್ತು ಹಿಡಿಯಲಿಲ್ಲ. ಬಿಜೈಯ ಪೆಟ್ಟಿಗೆಯ ಕಾಗದಗಳಲ್ಲೇ ಇತ್ತು, ಟೈಪು ಮಾಡಿದ ಒಂದು ಹಾಳೆ. ಗುರುತು ಚೀಟಿಯ ಬೇಡಿಕೆ, ಕೆಳಗೆ ಸಂಘದ ಪದಾಧಿಕಾರಿಗಳ ಸಹಿಗಳು, ಎಲ್ಲ ಗಂಡಸರದು. ಉಮ್ಮನಿಗೆ ಓದಲು ಬಾರದು. ನಾನು ಗಟ್ಟಿಯಾಗಿ ಓದಿ ಹೇಳುತ್ತಾ ಹೋದೆ. ಕೊನೆಯ ಸಾಲಿಗೆ ಬಂದಾಗ ನನ್ನ ಸ್ವರ ತಾನಾಗಿ ತಗ್ಗಿತು. ಬೀಡಿ ಕಟ್ಟುವ ಹೆಂಗಸರು ಈ ಕಾಗದದ ಹಿಂಬದಿಯಲ್ಲಿ ಹೆಬ್ಬೆಟ್ಟು ಒತ್ತಿದ್ದಾರೆ ಎಂದಿತ್ತು ಅದರಲ್ಲಿ.

"ಹಾ! ಅದೇ," ಎಂದರು ಉಮ್ಮ. "ಎದುರು ಜಾಗ ಇಲ್ಲ ಅಂತ ತಿರುಗಿಸಿ ಒತ್ತಿಸಿದರು ಅಂತ ಹೇಳ್ತಿದ್ದಳು. ಈಗ ಅದನ್ನು ತಿರುಗಿಸು."

ಪರದೆಯ ಮೇಲಿನ ಕಾಗದವನ್ನು ತಿರುಗಿಸಲು ಆಗುವುದಿಲ್ಲ ಎಂದು ಒಬ್ಬ ಮುದುಕಿಗೆ ಹೇಗೆ ಹೇಳುವುದು? ಹೇಳಬಹುದಿತ್ತು. ತಿರುಗಿಸಲು ಬೇಕಾದದ್ದನ್ನು ಇಡದವಳು ನಾನೇ ಎಂದು ಹೇಳುವುದು ಕಷ್ಟವಾಯಿತು. ಮೂಲ ಕಾಗದ ನೋಡಬೇಕು, ಒಂದು ವಾರ ಕೊಡಿ ಎಂದೆ. ಆಚೆ ಮೇಜಿನಲ್ಲಿ ಸರ್ ತಲೆ ಎತ್ತಿ ನನ್ನನ್ನು ನೋಡಿದರು, ಮತ್ತೆ ಬಗ್ಗಿಸಿದರು.

ಅದೇ ಸಂಜೆ ಬಿಜೈಗೆ ಹೋದೆ. ವಕೀಲರ ಸೊಸೆ ಒಳಗೆ ಕರೆದು ಕೂರಿಸಿ ಶರಬತ್ತು ಕೊಟ್ಟರು. ಪೆಟ್ಟಿಗೆಯ ವಿಷಯ ಎತ್ತಿದೆ.

"ಅಯ್ಯೋ, ಅದನ್ನು ಗುಜರಿಯವನಿಗೆ ಕೊಟ್ಟಾಯ್ತಲ್ಲ. ಪೈಂಟ್ ಮಾಡಿಸುವಾಗ."

"ಎಲ್ಲವನ್ನೂ?"

"ಮತ್ತೆಂತ ಮಾಡುವುದು? ನೀವೇ ಹೇಳಿದ್ದಲ್ಲವಾ, ನಿಮ್ಮಲ್ಲಿಗೆ ಬಂದರೆ ಶಾಶ್ವತ ಅಂತ? ಮಾವನ ವಸ್ತು ಬಿಸಾಡಲಿಕ್ಕೆ ನನಗೆ ಮನಸ್ಸೇ ಇರಲಿಲ್ಲ. ನಿಮ್ಮ ಮಾತು ನೆನಪಾಗಿ ಧೈರ್ಯ ಬಂತು."

ಶರಬತ್ತು ಕುಡಿದು ಎದ್ದೆ. ಅವರು ಗೇಟಿನ ತನಕ ಬಂದು, "ಏನಾದರೂ ತೊಂದರೆ ಆಯ್ತಾ?" ಎಂದು ಕೇಳಿದರು. ಇಲ್ಲ ಎಂದೆ.

ಮರುದಿನ ಸರ್‌ಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಎದುರಾಡಲು ಏನಾದರೂ ಸಿಗುತ್ತಿತ್ತು. ಕಪಾಟಿನಿಂದ ಒಂದು ಹಳೆಯ ಹಾರ್ಡ್ ಡಿಸ್ಕ್ ತೆಗೆದರು. ನಾವು ಅಂತರ್ಜಾಲಕ್ಕೆ ಹಾಕುವ ಚಿತ್ರಗಳನ್ನು ಮೊದಲು ತೊಳೆಯುತ್ತೇವೆ. ಅಂದರೆ ಕಾಗದದ ಹಳದಿ, ಕಲೆ, ನೆರಳು ಎಲ್ಲ ಅಳಿಸಿ ಅಕ್ಷರ ಮಾತ್ರ ಕಪ್ಪಾಗಿ ಕಾಣುವಂತೆ ಮಾಡುತ್ತೇವೆ. ತೊಳೆಯದ ಚಿತ್ರಗಳನ್ನು ಅಳಿಸಿಬಿಡಿ ಎಂದೂ ನಾನೇ ಹೇಳಿದ್ದೆ. ಸರ್ ಅಳಿಸಿರಲಿಲ್ಲ.

ಅವರು ಆ ಹಾಳೆಯ ಚಿತ್ರವನ್ನು ತೆರೆದು, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು ಮಾಡಿದರು. ಅದು ತೆಳು ಟೈಪಿಂಗ್ ಕಾಗದ. ಹಿಂಬದಿಯ ಮಸಿ ಅದರ ಮೂಲಕ ಬೂದು ಬಣ್ಣದಲ್ಲಿ ಹಾದುಬಂದಿತ್ತು. ಟೈಪಿನ ಸಾಲುಗಳ ನಡುವೆ ಎರಡು ಅಡ್ಡ ಸಾಲಿನಲ್ಲಿ ಉದ್ದುದ್ದ ಮೊಟ್ಟೆಯಾಕಾರದ ಗುರುತುಗಳು. ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಹೆಸರು ಬರೆದಿದ್ದಿರಬೇಕು, ಅಲ್ಲಲ್ಲಿ ಒಂದು ಕೊಂಬು, ಒಂದು ಒತ್ತಕ್ಷರದ ಬಾಲ ಅಷ್ಟೇ ಕಾಣುತ್ತಿತ್ತು. ನಾನು ಎಣಿಸಿದೆ. ಮತ್ತೆ ಎಣಿಸಿದೆ. ಹನ್ನೊಂದು.

"ನೀನು ಆ ದಿನ ಒಂದು ಉದಾಹರಣೆ ಕೇಳಿದ್ದಿ ಅಲ್ಲ ಮಾರಾಯ್ತಿ," ಎಂದರು ಸರ್. "ಇದು ಆದೀತಾ?"

ಹೇಳಿದ ಕೂಡಲೇ ಅವರಿಗೇ ಬೇಸರವಾಗಿರಬೇಕು. ಎದ್ದು ಹೋಗಿ ನನಗೂ ಸೇರಿಸಿ ಎರಡು ಚಹಾ ತಂದರು.

ಉಮ್ಮ ಹೇಳಿದ ದಿನಕ್ಕೆ ಸರಿಯಾಗಿ ಬಂದರು. ನಡೆದದ್ದನ್ನೆಲ್ಲ ಹೇಳಿದೆ. ಹಿಂಬದಿ ತೆಗೆಯದೇ ಇದ್ದದ್ದು ನನ್ನ ನಿರ್ಧಾರ, ಕಾಗದ ಗುಜರಿಗೆ ಹೋದದ್ದು ನನ್ನ ಮಾತಿನಿಂದ ಎಂಬುದನ್ನೂ ಬಿಡಲಿಲ್ಲ. ಅವರಿಗೆ ಅದೆಲ್ಲ ಕೇಳಿಸಿತೋ ಇಲ್ಲವೋ, ಪರದೆಗೆ ಮುಖ ಹತ್ತಿರ ತಂದು ನೋಡುತ್ತಿದ್ದರು.

"ಇದರಲ್ಲಿ ಉಮ್ಮನದು ಯಾವುದು?"

"ಗೊತ್ತಾಗುವುದಿಲ್ಲ."

"ಬೆರಳಿನ ಗೆರೆ ನೋಡಿದರೆ?"

"ಗೆರೆ ಬಂದಿಲ್ಲ. ನೆರಳು ಮಾತ್ರ."

"ಗೆರೆ ಎಲ್ಲಿಂದ ಬರಬೇಕು!" ಎಂದು ತನ್ನ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದರು. ತುದಿ ನುಣ್ಣಗೆ ಹೊಳೆಯುತ್ತಿತ್ತು. "ಐವತ್ತು ವರ್ಷ ಎಲೆ ಮಡಚಿದ್ದು. ರೇಷನ್ ಅಂಗಡಿಯ ಮೆಷಿನ್ ನನ್ನನ್ನು ಒಪ್ಪುವುದೇ ಇಲ್ಲ. ನಾನು ನಾನಲ್ಲವಂತೆ. ಮಗಳು ಬಂದು ಒತ್ತಬೇಕು."

ಮತ್ತೆ ಪರದೆಯ ಕಡೆ ತಿರುಗಿ, "ನೀನು ಯಾವುದಾದರೂ ಒಂದನ್ನು ತೋರಿಸಿ, ಇದೇ ಅಂತ ಬರೆದುಕೊಟ್ಟರೆ ಆಗುವುದಿಲ್ಲವಾ? ಆಫೀಸಿನ ಸೀಲು ಹಾಕಿ?" ಎಂದರು.

ಆಗುತ್ತಿತ್ತು. ಸೀಲು ನನ್ನ ಡ್ರಾಯರಿನಲ್ಲೇ ಇತ್ತು. ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು, ನಾನು ಬರೆದಿದ್ದರೆ ಕಾಣದವರಂತೆ ಇರುತ್ತಿದ್ದರು ಎಂದು ಈಗಲೂ ನನ್ನ ನಂಬಿಕೆ. ನಾನು ಬರೆಯಲಿಲ್ಲ. ಹಿಂಬದಿಯಲ್ಲಿ ಹನ್ನೊಂದು ಹೆಬ್ಬೆಟ್ಟಿನ ಗುರುತುಗಳಿವೆ, ಹೆಸರುಗಳು ಓದಲು ಬರುವುದಿಲ್ಲ, ನಮ್ಮ ತಪ್ಪಿನಿಂದ ಹಿಂಬದಿಯ ಚಿತ್ರ ಇಲ್ಲ ಎಂದು ಬರೆದು ಸೀಲು ಹಾಕಿ ಕೊಟ್ಟೆ. ಚಿತ್ರದ ಒಂದು ಪ್ರಿಂಟನ್ನೂ ಇಟ್ಟೆ.

ಪುಸ್ತಕದ ಕಾರ್ಯದರ್ಶಿಗೆ ನಾನೇ ಫೋನು ಮಾಡಿದೆ. ಯಾರದೋ ಪರವಾಗಿ ಅಷ್ಟು ಮನಸ್ಸಿಟ್ಟು ವಾದಿಸಿದ್ದು ಬಹುಶಃ ಅದೇ ಮೊದಲು. ಉಮ್ಮ ಕಾಗದ ನೋಡುವ ಮೊದಲೇ ಹನ್ನೊಂದು ಎಂದಿದ್ದರು. ಹಿಂಬದಿಯ ನೆರಳುಗಳನ್ನು ಎಣಿಸಿದಾಗ ಹನ್ನೊಂದೇ ಇತ್ತು. ಮುಂಬದಿಯಲ್ಲಿ ಆ ಸಂಖ್ಯೆ ಎಲ್ಲಿಯೂ ಇಲ್ಲ. ಓದಲು ಬಾರದ ಹೆಂಗಸಿಗೆ ಅದು ತಾಯಿಯಿಂದಲ್ಲದೆ ಬೇರೆ ಎಲ್ಲಿಂದ ತಿಳಿಯಬೇಕು? ಆ ತಾಯಿಗೆ, ಅಲ್ಲಿ ಇರದಿದ್ದರೆ, ಹೇಗೆ ತಿಳಿಯಬೇಕು?

ಅವರು ತಾಳ್ಮೆಯಿಂದ ಕೇಳಿದರು. ಕೆಟ್ಟ ಮನುಷ್ಯನಲ್ಲ.

"ಹನ್ನೊಂದು ಜನ ಅಂತ ನಾನು ಒಪ್ತೇನೆ ಮೇಡಂ. ಆದರೆ ಅದು ಊರಿಗೆಲ್ಲ ಗೊತ್ತಿದ್ದ ಮಾತು ಆಗಿರಬಹುದಲ್ಲ? ಆ ಹನ್ನೊಂದರಲ್ಲಿ ಇವರು ಇದ್ದರು ಅನ್ನಲಿಕ್ಕೆ ದಾಖಲೆ ಉಂಟಾ?"

ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ, ಅದೇ ಸ್ವರದಲ್ಲಿ.

"ನನಗೆ ನಂಬಿಕೆ ಉಂಟು," ಎಂದೆ.

"ನಿಮ್ಮ ನಂಬಿಕೆಯನ್ನು ಹೇಗೆ ಪ್ರಿಂಟ್ ಮಾಡುವುದು?"

ಪುಸ್ತಕ ಬಂತು. ಮೊದಲ ಪುಟದಲ್ಲಿ ಗಂಡಸರ ಹೆಸರುಗಳು, ಕೊನೆಯಲ್ಲಿ "ಮತ್ತು ಹನ್ನೊಂದು ಮಂದಿ ಮಹಿಳೆಯರು" ಎಂದು ಇತ್ತು. ನನ್ನ ಫೋನಿನ ಫಲ ಅಷ್ಟು. ಒಂದು ಪ್ರತಿ ಹಿಡಿದು ಅತ್ತಾವರಕ್ಕೆ ಹೋದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳ ಬಾಡಿಗೆ ಮನೆಯಲ್ಲಿ ಉಮ್ಮ ಇದ್ದರು. ಮಗಳು ಡ್ಯೂಟಿಗೆ ಹೋಗಿದ್ದಳು. ಆ ಸಾಲನ್ನು ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಓದಿದೆ.

"ಹೆಸರು ಇಲ್ಲ ಅಲ್ಲ?"

"ಇಲ್ಲ."

ನಾನು ಕೊಟ್ಟ ಪ್ರಿಂಟನ್ನು ಏನು ಮಾಡಿದಿರಿ ಎಂದು ಕೇಳಿದೆ. ಹಳೆಯ ಊರಿನವರಿಗೆ ತೋರಿಸಲು ಒಂದು ಮದುವೆಗೆ ಒಯ್ದಿದ್ದರಂತೆ. ಎಲೆ ಕದ್ದ ಮಾತನ್ನು ಜೀವಮಾನವಿಡೀ ಆಡಿದ ಒಬ್ಬಾಕೆ ಈಗಲೂ ಇದ್ದಾಳೆ, ಅವಳ ಕೈಗೇ ಕೊಟ್ಟರಂತೆ.

"ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಕೇಳ್ತಾಳೆ, ಇದೆಂತ, ಎಕ್ಸ್‌ರೇಯಾ, ಯಾರಿಗೆ ಹುಷಾರಿಲ್ಲ ಅಂತ."

ಹೇಳಿ ನಕ್ಕರು. ನಾನೂ ನಗಬೇಕಾಯಿತು. ಅವರು ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಆ ನುಣುಪು ಹೆಬ್ಬೆರಳಿನಿಂದ ರಟ್ಟನ್ನು ಉಜ್ಜುತ್ತಿದ್ದರು. ತಪ್ಪಾಯಿತು ಎಂದು ನಾನು ಇನ್ನೊಮ್ಮೆ ಶುರು ಮಾಡಿದಾಗ, ಮೊದಲ ಬಾರಿಗೆ ತುಳುವಿನಲ್ಲಿ, "ಆವಡ್ ಬುಡು ಮಗಾ," ಎಂದರು. ಆಗಲಿ ಬಿಡು ಎಂದು. ಆ ಮಾತಿಗೆ ಪ್ರತಿವಾದ ಹೂಡಲು ನನಗೆ ಯಾರೂ ಕಲಿಸಿರಲಿಲ್ಲ.

ಈಗ ನಾವು ಹಿಂಬದಿಯನ್ನೂ ತೆಗೆಯುತ್ತೇವೆ. ಬಹುಪಾಲು ಖಾಲಿಯೇ, ನಾನು ಆಗ ಹೇಳಿದ್ದು ಸುಳ್ಳಲ್ಲ. ಖಾಲಿ ಪುಟಗಳನ್ನು ಯಾಕೆ ಹಾಕುತ್ತೀರಿ ಎಂದು ಓದುಗರು ಆಗಾಗ ಬರೆಯುತ್ತಾರೆ. ಅಂತರ್ಜಾಲದಲ್ಲಿ ಆ ಮನವಿಯ ಕೆಳಗಿನ ವಿವರಣೆಯಲ್ಲಿ, ಉಮ್ಮನಿಗೆ ಬರೆದುಕೊಟ್ಟ ಅದೇ ಮಾತು, ಹನ್ನೊಂದು ಹೆಬ್ಬೆಟ್ಟು, ಓದಲು ಬಾರದ ಹೆಸರು, ನಮ್ಮ ತಪ್ಪು ಎಂಬ ಮೂರು ಸಾಲು ಇನ್ನೂ ಇವೆ. ಅವುಗಳ ಬಗ್ಗೆ ಮಾತ್ರ ಇವತ್ತಿನ ತನಕ ಯಾರೂ ಏನೂ ಕೇಳಿಲ್ಲ.