ಒಡೆಯದ ಸಂಖ್ಯೆಯ ಸುಮಿತ್ರಾ ಕಾಕು

ಪುಣೆಯ ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಬಿಬವೇವಾಡಿಯ ನಮ್ಮ ಕಟ್ಟಡದಲ್ಲಿ ಮಾತ್ರ ಆ ಚಿಂತೆಯಿರಲಿಲ್ಲ. ಸಂಜೆಯಾದರೆ ಎಲ್ಲರ ಪಾತ್ರೆಗಳೂ ಸುಮಿತ್ರಾ ಕಾಕುವಿನ ಮನೆ ಸೇರಿ, ಹಗಲಿರುಳು ದುಡಿಯುತ್ತಿದ್ದ ಅವರ ಕಂಪ್ಯೂಟರಿನ ಹಿಂದೆ ಬಿಸಿಗಾಳಿಗೆ ಕೂರುತ್ತಿದ್ದವು. ಅದಕ್ಕೆ ಬಾಡಿಗೆ ಇಷ್ಟೇ: ಪಾತ್ರೆ ಇಟ್ಟವರು ಕಾಕು ಹೇಳುವ ಗಣಿತ ಕೇಳಬೇಕು.

ಕಾಕು, ಅಂದರೆ ನಮ್ಮೆಲ್ಲರ ಚಿಕ್ಕಮ್ಮ, ಧಾರವಾಡದವರು, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದಕ್ಕೂ ಒಡೆಯದ ಅವಿಭಾಜ್ಯ ಸಂಖ್ಯೆಗಳಲ್ಲಿ, ಯಾರೂ ಕಾಣದಷ್ಟು ದೊಡ್ಡದೊಂದು ಸಾಯುವುದರೊಳಗೆ ತಮಗೆ ಸಿಗಬೇಕೆಂಬುದು ಅವರ ಆಸೆ.

"ಎರಡನ್ನ ಮೂರು ಸಲ ಇಟ್ಟು ಗುಣಸ್ರಿ, ಒಂದು ಕಳೀರಿ. ಏಳು! ಐದು ಸಲ ಇಟ್ರ ಮೂವತ್ತೊಂದು. ಏಳು ಸಲ ಇಟ್ರ ನೂರಾ ಇಪ್ಪತ್ತೇಳು. ಯಾವೂ ಒಡಿಯೂದಿಲ್ಲ. ಹಂಗಂತ ನಂಬಿ ಹನ್ನೊಂದು ಸಲ ಇಟ್ರಿ ಅನ್ರಿ, ಎರಡು ಸಾವಿರದ ನಲವತ್ತೇಳು. ಇಪ್ಪತ್ಮೂರು ಎಂಬತ್ತೊಂಬತ್ಲೆ! ಹನ್ನೊಂದು ಭಾಳ ಸಭ್ಯ, ಅದರ ಮಗಾ ಉಡಾಳ," ಎಂದು ತಾವೇ ಬಿದ್ದು ಬಿದ್ದು ನಗುತ್ತಿದ್ದರು. ಗಣಿತವೆಂದರೆ ಮಾರು ದೂರ ಓಡುವ ನಾನೂ ನಕ್ಕುಬಿಡುತ್ತಿದ್ದೆ.

ಅವರು ಹುಡುಕುತ್ತಿದ್ದ ಇಂಥವೇ ಸಂಖ್ಯೆಗಳಿಗೆ ಕೋಟಿಗಟ್ಟಲೆ ಅಂಕಿ. ಒಂದೊಂದನ್ನು ಪರೀಕ್ಷಿಸಲು ಕಂಪ್ಯೂಟರಿಗೆ ವಾರಗಳು ಬೇಕು. ಕೊನೆಗೆ ಅದು ಒಡೆಯುತ್ತದೋ ಇಲ್ಲವೋ ಎಂದಷ್ಟೇ ಹೇಳುತ್ತಿತ್ತು.

"ಒಡೀತದ ಅಂತ ಗೊತ್ತಾತು, ಎಲ್ಲೆ ಒಡೀತದ ಅಂತ ದೇವರಿಗೂ ಗೊತ್ತಿಲ್ಲ. ಎಷ್ಟು ಚಂದ ಅದ ಅಲ್ರೀ?" ಎನ್ನುತ್ತಿದ್ದರೂ ಅಂದೆಲ್ಲ ಅವರದು ಹರಳೆಣ್ಣೆ ಕುಡಿದ ಮುಖ. ಮರುದಿನ ಕಂಪ್ಯೂಟರಿಗೆ ಹೊಸ ಸಂಖ್ಯೆ ಹಚ್ಚಿದ ಮೇಲೆಯೇ ಗೆಲುವು.

ಡಾಕ್ಟರು ಎದೆಯ ಶಸ್ತ್ರಚಿಕಿತ್ಸೆ ಬೇಗ ಆಗಬೇಕೆಂದಾಗ ಒಂದು ಸಂಖ್ಯೆಯ ಪರೀಕ್ಷೆ ಇನ್ನೂ ನಡೆದಿತ್ತು. "ಈ ಎದಿ ಇಷ್ಟು ವರ್ಷ ಬಡಕೊಂಡದ, ಇನ್ನೊಂದು ವಾರ ಬಡಕೋತದ. ಇದು ಮುಗೀಲಿ," ಎಂದು ಕಾಕು ಹಟ ಹಿಡಿದರು. ಮಗಳು ಅತ್ತಳು, ಬೈದಳು. ಕಡೆಗೆ ಎದುರು ಮನೆಯವಳಾದ ನಾನು, ಕಂಪ್ಯೂಟರನ್ನು ಕಾಯ್ದು ಉತ್ತರವನ್ನು ಆಸ್ಪತ್ರೆಗೇ ತಂದು ಹೇಳುತ್ತೇನೆಂದು ಮಾತು ಕೊಟ್ಟ ಮೇಲೆ ರಿಕ್ಷಾ ಹತ್ತಿದರು.

ಉತ್ತರ ಬಂದದ್ದು ಶಸ್ತ್ರಚಿಕಿತ್ಸೆಯ ಹಿಂದಿನ ದಿನ. ಸುಳ್ಳು ಹೇಳಿಬಿಡಲೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ಅವರ ಮುಖ ಕಂಡಾಗ ಸುಳ್ಳು ಬಾಯಿಗೆ ಬರಲಿಲ್ಲ.

"ಒಡೀತೇನ?"

"ಒಡೀತ್ರಿ, ಕಾಕು."

ಅವರು ಪಕ್ಕದ ಹಾಸಿಗೆಯವರು ತಿರುಗಿ ನೋಡುವಂತೆ ನಕ್ಕರು. "ಛಲೋ ಆತು ಬಿಡು. ಇನ್ನ ಯಾರೂ ಅದರ ಹಿಂದ ಬೀಳಬೇಕಾಗಿಲ್ಲ, ನಾ ನೋಡಿ ಬಂದೀನಿ. ಮುಂದಿಂದು ಹಚ್ಚಿ ಬಂದೀ ಇಲ್ಲೋ?"

"ಇಲ್ರಿ."

"ಮತ್ತ ಇಲ್ಲೇನ್ ಮಾಡ್ಲಿಕತ್ತೀ? ನಡಿ ಮನಿಗೆ!"

ಹಾಗೆ ಅಟ್ಟಿಸಿಕೊಂಡು ಬಂದು ಹೊಸದನ್ನು ಹಚ್ಚಿದೆ. ಕಾಕು ಆಸ್ಪತ್ರೆಯಿಂದ ಮರಳಲಿಲ್ಲ. ಕೆಲವು ವಾರಗಳ ಮೇಲೆ ಆ ಸಂಖ್ಯೆಯೂ ಒಡೆಯಿತು. ಅಂದು ನನಗೆ ತುಂಬ ಅಳು ಬಂತು. ಕಣ್ಣೊರೆಸಿಕೊಂಡು ಅದರ ಮುಂದಿನದನ್ನು ಹಚ್ಚಿದೆ.