ಉರಿ ಸಣ್ಣ ಮಾಡುವ ಬೆರಳು

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವಿನೋಬನಗರದಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಆ ಸಂಶೋಧಕಿ ಕನ್ನಡಕ ಹಾಕುತ್ತಿದ್ದರೋ ಇಲ್ಲವೋ, ಹೇಳಲಾರೆ. ಅವರ ಬೆರಳುಗಳು ಮಾತ್ರ ನೆನಪಿವೆ.

ರೋಗಾಣುಗಳನ್ನು ಕೊಲ್ಲಲು ನಮ್ಮ ದೇಹವೇ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳನ್ನು ತಯಾರಿಸುತ್ತದಂತೆ. ಅಂಥವನ್ನು ಪ್ರಯೋಗಾಲಯದಲ್ಲಿ ಕಟ್ಟಿ, ರೋಗನಿರೋಧಕ ಕೋಶಗಳು ಎಬ್ಬಿಸುವ ಉರಿಯೂತವನ್ನು ಅವು ಹೇಗೆ ಹತೋಟಿಗೆ ತರುತ್ತವೆಂದು ನೋಡುವುದು ಅವರ ಕೆಲಸ. ಅದನ್ನು ಹೇಳುವಾಗಲೆಲ್ಲ ಗಾಳಿಯಲ್ಲೇ ಗ್ಯಾಸ್ ಒಲೆಯ ನಾಬ್ ತಿರುಗಿಸುತ್ತಿದ್ದರು. "ಆರಿಸೋದಲ್ಲ, ಸಣ್ಣ ಮಾಡೋದು."

ಒಮ್ಮೆ ಭದ್ರಾವತಿಯಿಂದ ಬಂದಿದ್ದ ನನ್ನ ಸೋದರತ್ತೆ, ಸಕ್ಕರೆ ಕಾಯಿಲೆಯವರು, ಪಾದದ ಹುಣ್ಣು ತೋರಿಸಿ, "ಆ ನಿನ್ನ ಔಷಧಿ ಒಂದು ತೊಟ್ಟು ಹಚ್ಚು ಮಾರಾಯ್ತಿ" ಎಂದರು.

ಸಂಶೋಧಕಿಯ ಬೆರಳು ನಿಂತಿತು. "ಅದಿನ್ನೂ ಔಷಧಿ ಅಲ್ಲಮ್ಮ. ತಟ್ಟೇಲಿ ಬೆಳೆಸಿದ ಕೋಶಗಳ ಮೇಲೆ ನೋಡ್ತಾ ಇದೀವಿ, ಅಷ್ಟೆ." ಆಮೇಲೆ ಹಿಂಗೈಯಿಂದ ಎರಡೂ ಪಾದ ಮುಟ್ಟಿದರು. "ಈ ಕಾಲು ಬಿಸಿ ಇದೆ, ಒಳಗೆ ಉರಿಯೂತ ಇರಬಹುದು. ಈಗಲೇ ಆಸ್ಪತ್ರೆಗೆ ಹೋಗಿ."

"ಕುಲುಮೆ ಕೆಲಸದವನ ಜೊತೆ ಬಾಳಿದೋಳು ನಾನು, ಇಷ್ಟು ಬಿಸಿಗೆ ಹೆದರ್ತೀನಾ?" ಎಂದು ಅತ್ತೆ ನಕ್ಕರು. ಸಂಶೋಧಕಿ ನಗಲಿಲ್ಲ. ತಾವೇ ಹೋಗಿ ಆಟೋ ಕರೆತಂದರು. ಹುಣ್ಣು ಮಾಯಿತು.

ಆ ಸಂಶೋಧಕಿ ಈಗ ಬೇರೆ ಊರಿನಲ್ಲಿದ್ದಾರೆ. ಇವತ್ತು ಬೆಳಿಗ್ಗೆ ಅತ್ತೆ ಫೋನಿನಲ್ಲಿ, ಅದೇ ಪಾದಕ್ಕೆ ಚಪ್ಪಲಿ ಕಚ್ಚಿದೆ, ನೋವೇನೂ ಇಲ್ಲ ಎಂದರು. ನೋವಿಲ್ಲ ಎಂದದ್ದೇ ನನಗೆ ಭಯ; ಸಕ್ಕರೆ ಕಾಯಿಲೆಯಲ್ಲಿ ಪಾದ ಮರಗಟ್ಟಿದರೆ ಗಾಯ ಕೆಟ್ಟರೂ ಗೊತ್ತಾಗುವುದಿಲ್ಲ.

"ಅತ್ತೆ, ಎರಡೂ ಪಾದ ಮುಟ್ಟಿ ನೋಡ್ಕೊಳ್ಳಿ. ಆ ಕಾಲು ಬಿಸಿ ಇದೆಯಾ?"

"ಕುಕ್ಕರ್ ಕೂಗ್ತಿದೆ, ಆಮೇಲೆ ನೋಡಿ ಫೋನ್ ಮಾಡ್ತೀನಿ" ಎಂದು ಅತ್ತೆ ಫೋನಿಟ್ಟರು. ಸಂಜೆಯಾಯಿತು. ಇನ್ನೂ ಮಾಡಿಲ್ಲ.