ಸಮುದ್ರದ ಸಾಹೇಬರ ಬಸ್ಸು

ನಮ್ಮ ಇಂಡಿ ಪಟ್ಟಣದ ಬಸ್ ನಿಲ್ದಾಣದ ಎದುರಿಗೆ ಹೊಸದಾಗಿ ಒಂದು ಚಿಪ್ಸ್ ಅಂಗಡಿ ಆಗಿದೆ. ಅಂಗಡಿಯವನು ಕೇರಳದ ಕಡೆಯವನಂತೆ. ಬಾಳೆಕಾಯಿಯನ್ನು ಎಲ್ಲರ ಕಣ್ಣೆದುರೇ ಹೆರೆದು ಬಾಣಲೆಗೆ ಬಿಡುತ್ತಾನೆ, ಅದೂ ಕೊಬ್ಬರಿ ಎಣ್ಣೆಗೆ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ತಿಂದು ಬೆಳೆದ ನಮ್ಮ ಮೂಗಿಗೆ ಅದು ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಮೊನ್ನೆ ಮುಂಜಾನೆ ಅಂಗಡಿಯ ಬೀಗದ ಕೈ ಹಿಡಿದುಕೊಂಡು ಆ ದಾರಿಯಲ್ಲಿ ಹೊರಟವನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಆಟೊದವನು ಬೈದ. ಅವನ ತಪ್ಪೇನಿಲ್ಲ. ನನಗೆ ಸಮುದ್ರದ ಸಾಹೇಬರು ನೆನಪಾಗಿದ್ದರು.

ಅವರಿಗೊಂದು ಹೆಸರಿತ್ತು, ಅದನ್ನು ಅಚ್ಚು ಹಾಕಿಸಿದ ಕಾರ್ಡು ಕೂಡ ಇತ್ತು. ಆದರೆ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ಪೇಟೆಗಳಲ್ಲಿ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ; ಸಮುದ್ರದ ಕಡೆಯಿಂದ ಬಂದವರೆಂದು ಸಮುದ್ರದ ಸಾಹೇಬರು ಎಂದೇ ಕರೆದರು. ಮಂಗಳೂರಿನ ವ್ಯಾಪಾರಸ್ಥರ ಯಾವುದೋ ಸಂಘ ಅವರನ್ನು ನಮ್ಮ ಕಡೆ ಕಳಿಸಿತ್ತು. 'ನಮ್ಮ ಊರಿಗೆ ಬಂದು ವ್ಯಾಪಾರ ಮಾಡಿ' ಎಂದು ಊರೂರು ತಿರುಗಿ ಹೇಳುವುದು ಅವರ ಕೆಲಸ. ಇದು ಹನ್ನೆರಡು ವರ್ಷದ ಹಿಂದಿನ ಮಾತು. ನನ್ನದು ನಿಂಬೆಹಣ್ಣಿನ ಅಡತಿ ಅಂಗಡಿ. ರೈತರು ತಂದ ಹಣ್ಣನ್ನು ಹೊರಗಿನ ಖರೀದಿದಾರರಿಗೆ ಹಚ್ಚಿಕೊಡುವ ದಲಾಲಿ ಕೆಲಸ. ಯಾರದೋ ವಿಳಾಸ ಕೇಳಲು ಒಳಗೆ ಬಂದವರಿಗೆ ನಾನು ಚಹಾ ಕುಡಿಸಿದೆ. ಅಲ್ಲಿಂದ ನನ್ನ ಅಂಗಡಿಯೇ ಅವರ ಆಫೀಸಾಯಿತು. ಚಹಾ ಕುಡಿಸಿದ್ದು ನನ್ನ ಮೊದಲನೇ ತಪ್ಪು.

ಐವತ್ತು ದಾಟಿದ ಮನುಷ್ಯ. ನಮ್ಮ ಬಿಸಿಲಿನಲ್ಲೂ ತೋಳಿನ ಗುಂಡಿ ಬಿಚ್ಚದ ಬಿಳಿ ಅಂಗಿ, ಬಗಲಲ್ಲಿ ಒಂದು ಚೀಲ, ಚೀಲದ ತುಂಬ ಹೊಳೆಯುವ ಕಾಗದದ ಪುಸ್ತಿಕೆಗಳು, ಜೊತೆಗೆ ಕೊಬ್ಬರಿ ಎಣ್ಣೆಯಲ್ಲಿ ಕರಿದ ಚಿಪ್ಸಿನ ಪೊಟ್ಟಣಗಳು. ಹೋದ ಅಂಗಡಿಯಲ್ಲೆಲ್ಲ ಮೊದಲು ಪೊಟ್ಟಣ ಬಿಚ್ಚಿ ಮುಂದಿಡುತ್ತಿದ್ದರು. ನಮ್ಮವರು ಎರಡು ಬಾಯಿಗೆ ಹಾಕಿಕೊಂಡು, ಮುಖ ಕೆಡಿಸದೆ ನುಂಗಿ, "ಭಾಳ ಚಲೋ ಅದಾವ್ರಿ" ಎನ್ನುತ್ತಿದ್ದರು. ಅವರು ಹೊರಗೆ ಕಾಲಿಟ್ಟ ಮೇಲೆ ಪೊಟ್ಟಣ ಬೀದಿಯ ಆಡಿನ ಪಾಲಾಗುತ್ತಿತ್ತು. ಮುಂದಿನ ಸಲ ಅವರು ಎರಡು ಪೊಟ್ಟಣ ತಂದಿರುತ್ತಿದ್ದರು! ಹೇಳಿದ್ದನ್ನೆಲ್ಲ ಹೀಗೆ ಅಕ್ಷರಶಃ ನಂಬುವ ಮನುಷ್ಯನನ್ನು ನೋಡಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಪುಸ್ತಿಕೆಯ ನಕ್ಷೆಯ ಮೇಲೆ ಬೆರಳಿಟ್ಟು ಹೇಳುತ್ತಿದ್ದರು. "ಇಲ್ಲಿ ನೋಡಿ ಸಾವ್ಕಾರ್ರೇ, ಬಂದರು. ನಿಮ್ಮ ಲಿಂಬೆ ಇಲ್ಲಿ ಹಡಗು ಹತ್ತಿದ್ರೆ ಸೀದಾ ದುಬಾಯಿ. ಗೋದಾಮು ಉಂಟು, ಬ್ಯಾಂಕು ಉಂಟು, ರೈಲು ಉಂಟು. ಒಮ್ಮೆ ಬಂದು ನೋಡಿ ಮಾರಾಯ್ರೆ. ನೋಡದೆ ಬೇಡ ಅಂತ ಹೇಗೆ ಹೇಳುದು?"

ಯಾರೂ ಬೇಡ ಅನ್ನುತ್ತಿರಲಿಲ್ಲ. ಅದೇ ಬಂದ ತೊಂದರೆ.

ನಮ್ಮವರ ವ್ಯಾಪಾರದ ಮುಖ ಯಾವತ್ತೂ ಸೊಲ್ಲಾಪುರ, ಹೈದರಾಬಾದ್, ಮುಂಬೈ ಕಡೆಗೆ. ನಮಗೆ ಸಮುದ್ರ ಅಂದರೂ ಮುಂಬೈಯೇ. ಅಜ್ಜನ ಕಾಲದಿಂದ ಅದೇ ದಾರಿ, ಅದೇ ಗಿರಾಕಿ, ಅದೇ ಲಾರಿಯವರು. ಇಂಥವರ ಮುಂದೆ ಕುಳಿತು ಸಾಹೇಬರು ಸಂಜೆಯ ಗಾಳಿ ಎಷ್ಟು ತಂಪು ಎಂದು ವರ್ಣಿಸುತ್ತಿದ್ದರು. ಬಾಗೇವಾಡಿಯ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರು ಎಲ್ಲ ಕೇಳಿಸಿಕೊಂಡು ಕೊನೆಗೆ, "ಅಲ್ಲೆ ಜ್ವಾಳದ ರೊಟ್ಟಿ ಸಿಗತಾವೇನ್ರಿ?" ಎಂದರು. ಹೌದು ಅಂದಿದ್ದರೆ ಆಗುತ್ತಿತ್ತು. ಇವರು ಯೋಚಿಸಿ, "ಎರಡು ಕಡೆ ಸಿಗ್ತದೆ. ಆದ್ರೆ ನಿಮ್ಮಷ್ಟು ತೆಳು ಇಲ್ಲ" ಎಂದರು. ಊರಿಗೆ ಗಿರಾಕಿ ಹುಡುಕಲು ಬಂದವರು ಹೀಗೆ ಮಾತಾಡಿದರೆ ಏನು ಮಾಡುವುದು? ನನಗೆ ಹಣೆ ಹಣೆ ಬಡಿದುಕೊಳ್ಳುವಂತಾಯಿತು. ಆದರೆ ಅವರ ಬಾಯಿಂದ ಒಂದು ಸುಳ್ಳು ಬಂದದ್ದನ್ನು ನಾನು ಕೇಳಿಲ್ಲ.

ಸುಳ್ಳೆಲ್ಲ ನಮ್ಮ ಕಡೆಯಿಂದ. ನಮ್ಮಲ್ಲಿ ಒಂದು ಪದ್ಧತಿ ಇದೆ. ದೂರದಿಂದ ಬಂದವನು, ಅದರಲ್ಲೂ ನಮ್ಮ ಅನ್ನ ಉಂಡವನು, ಏನಾದರೂ ಕೇಳಿದರೆ ಮುಖದ ಮೇಲೆ ಇಲ್ಲ ಅನ್ನಬಾರದು. ಇಲ್ಲ ಅಂದರೆ ಮನೆತನಕ್ಕೆ ಕಡಿಮೆ. ನಾವು ನಾವೇ ಆದರೆ ಒಬ್ಬರ ಕಣ್ಣು ಒಬ್ಬರು ನೋಡಿಯೇ ತಿಳಿದುಕೊಳ್ಳುತ್ತೇವೆ. ಘಟ್ಟದ ಕೆಳಗಿನ ಆ ಮನುಷ್ಯನಿಗೆ ಯಾರ ಕಣ್ಣು ಏನು ಹೇಳುತ್ತದೆಂದು ಹೇಗೆ ತಿಳಿಯಬೇಕು? ಮಂಗಳೂರಿನಲ್ಲಿ ಅವರ ಸಂಘದ್ದೊಂದು ಸಭೆ ಇತ್ತು. ನಾಲ್ಕೂ ತಾಲ್ಲೂಕಿನ ವ್ಯಾಪಾರಿಗಳನ್ನು ಒಂದು ಬಸ್ಸಿನಲ್ಲಿ ಕರೆದೊಯ್ದು, ಅಲ್ಲಿಯ ಗೋದಾಮು, ಬಂದರು ಎಲ್ಲ ತೋರಿಸುವ ಏರ್ಪಾಡು. ಸಾಹೇಬರು ಉದ್ದನೆಯ ಪುಸ್ತಕ ತೆರೆದು ಪೆನ್ನು ಹಿಡಿದರೆ ಸಾಕು, "ಬರ್ತೇವ್ರಿ, ಯಾಕ ಬರಂಗಿಲ್ಲ? ಹೆಸರ ಬರಕೋರಿ" ಎಂದು ಎಲ್ಲರೂ ಬರೆಸಿದರು. ಲಚ್ಯಾಣದಿಂದ ನನ್ನ ಅಂಗಡಿಗೆ ಹಣ್ಣು ತಂದ ರೈತರೂ ಬರೆಸಿದರು. ಸಿಂದಗಿಯ ಬೇಳೆ ಮಿಲ್ಲಿನ ಗೌಡರು ತಮ್ಮದಲ್ಲದೆ ತಮ್ಮ ಬೀಗರ ಹೆಸರನ್ನೂ ಬರೆಸಿದರು. ಬಸ್ಸಿಗೆ ಆಗಿ ಮಿಕ್ಕುವಷ್ಟು ಹೆಸರಾದವು.

ಒಂದು ಮಧ್ಯಾಹ್ನ ಸಾಹೇಬರು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದರು. ಬಸ್ಸು ಹೊರಡುವುದಕ್ಕೆ ಇನ್ನೂ ಹದಿನೈದು ದಿನವಿತ್ತು. ರೊಟ್ಟಿ ಮುರಿಯುತ್ತ ತಮ್ಮ ಕಥೆ ಹೇಳಿದರು. ಮೊದಲು ಹಂಚಿನ ಕಾರ್ಖಾನೆಯಲ್ಲಿದ್ದರಂತೆ. ಅದು ಮುಚ್ಚಿದ ಮೇಲೆ ಹೇಗೋ ಈ ಸಂಘದಲ್ಲಿ ಸೇರಿಕೊಂಡಿದ್ದರು. ಎರಡು ವರ್ಷ ತಿರುಗಿಯೂ ಒಬ್ಬ ವ್ಯಾಪಾರಿಯನ್ನು ಕರೆತಂದಿರಲಿಲ್ಲ.

"ಈ ಸಲ ಬಸ್ಸು ತುಂಬಿಸಿಕೊಂಡು ಬನ್ನಿ, ಇಲ್ಲದಿದ್ರೆ ಬೇರೆ ಕೆಲಸ ನೋಡಿಕೊಳ್ಳಿ ಅಂದಿದ್ದಾರೆ. ಈ ಪ್ರಾಯದಲ್ಲಿ ಎಂತ ಕೆಲಸ ನೋಡುದು?" ಎಂದವರು, ತಲೆ ಎತ್ತಿ ನನ್ನ ಮುಖ ನೋಡಿದರು. "ಇವರೆಲ್ಲ ಬರ್ತಾರಲ್ಲ, ಸಾವ್ಕಾರ್ರೇ?"

ಪಲ್ಯ ಬಡಿಸುತ್ತಿದ್ದ ನನ್ನ ಹೆಂಡತಿಯ ಕೈ ಅಲ್ಲೇ ನಿಂತಿತು. ನಾನು ಅಂದೆ, "ಬರ್ತಾರ್ರಿ. ನೀವು ಉಣ್ರಿ ಮೊದಲ."

ಅವರು ಹೋದ ಮೇಲೆ ಅವಳು ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಒಬ್ಬರೂ ಹೋಗಂಗಿಲ್ಲಂತ ನಿಮಗ ಗೊತ್ತೈತಿ. ಆ ಪುಣ್ಯಾತ್ಮಗ ಒಂದ ಮಾತು ಹೇಳಬಾರದೇನ್ರಿ?"

"ತಾಟಿನ ಮುಂದ ಕುಂತಾವ್ರಿಗೆ ಹೆಂಗ ಹೇಳೂದು?"

"ಹಂಗಾರ ಎದ್ದ ಮ್ಯಾಲೆ ಹೇಳ್ರಿ."

ಎದ್ದ ಮೇಲೂ ಹೇಳಲಿಲ್ಲ. ಮರುದಿನ ಹೇಳಿದರಾಯಿತು ಎಂದುಕೊಂಡೆ, ಆಮೇಲೆ ವಾರದ ಸಂತೆ ಮುಗಿಯಲಿ ಎಂದುಕೊಂಡೆ… ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಉಳಿದವರನ್ನು ಬೈದೇನು ಪ್ರಯೋಜನ, ಅವರ ಪೈಕಿ ನಾನೇ ದೊಡ್ಡ ಸುಳ್ಳುಗಾರ.

ಬಸ್ಸು ಬಂದೇ ಬಂತು. ಹೊತ್ತು ಮೂಡುವ ಹೊತ್ತಿಗೆ ಇಂಡಿಯಲ್ಲಿ ನಿಂತಿತ್ತು, ಮುಂದಿನ ಗಾಜಿಗೆ ಬಟ್ಟೆಯ ಬ್ಯಾನರು. ಸಾಹೇಬರು ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಗರಖೇಡದಿಂದ ಇಬ್ಬರು ಹಿರಿಯರು ಮೋಟಾರು ಸೈಕಲ್ಲಿನ ಮೇಲೆ ಬಂದರು. ಒಂದು ಚೀಲ ನಿಂಬೆಹಣ್ಣನ್ನು ಬಸ್ಸಿನೊಳಗೆ ಇಟ್ಟು, ಸಾಹೇಬರಿಗೆ ಶಾಲು ಹೊದಿಸಿ, "ಹೋಗಿ ಬರ್ರಿ" ಎಂದು ತಿರುಗಿ ಹೊರಟರು. ನಾನು ಮಾತ್ರ ಹತ್ತಿದೆ. "ಉಳಿದವರು ಸಿಂದಗಿಯಲ್ಲಿ ಹತ್ತಬಹುದು" ಎಂದು ಸಾಹೇಬರೇ ನನಗೆ ಸಮಾಧಾನ ಹೇಳಿದರು.

ಸಿಂದಗಿಯಲ್ಲಿ ಗುಂಪೇ ನೆರೆದಿತ್ತು. ಎಲ್ಲರ ಕೈಯಲ್ಲೂ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಸಾಹೇಬರ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ನೋಡಿ ಸಾವ್ಕಾರ್ರೇ, ದಾರಿಗೆ ಬುತ್ತಿ ಕಟ್ಟಿಕೊಂಡೇ ಬಂದಿದ್ದಾರೆ!" ಎಂದು ನನ್ನ ಭುಜ ತಟ್ಟಿದರು. ಬೇಳೆ ಮಿಲ್ಲಿನ ಗೌಡರು ಮೊದಲು ಹತ್ತಿದರು. ಬುತ್ತಿಯನ್ನು ಸೀಟಿನ ಮೇಲಿಟ್ಟು, "ಕಟಕ ರೊಟ್ಟಿ ಅದಾವ್ರಿ, ನಾಲ್ಕ ದಿನ ಇಟ್ಟರೂ ಕೆಡಂಗಿಲ್ಲ" ಎಂದು ಹೇಳಿ ಇಳಿದರು. ಅವರ ಹಿಂದೆ ಇನ್ನೊಬ್ಬರು ಹತ್ತಿದರು, ಇಟ್ಟರು, ಇಳಿದರು. ಸಾಹೇಬರು ಪ್ರತಿಯೊಬ್ಬರು ಹತ್ತಿದಾಗಲೂ ಪುಸ್ತಕದಲ್ಲಿ ಹೆಸರು ಹುಡುಕಿ ಗುರುತು ಹಾಕುತ್ತಿದ್ದರು. ಐದಾರು ಗುರುತು ಹಾಕಿದ ಮೇಲೆ ಪೆನ್ನು ನಿಂತಿತು.

ಬಾಗೇವಾಡಿಯಲ್ಲೂ ಅದೇ ಆಯಿತು. ಉಳ್ಳಾಗಡ್ಡಿಯ ಚೀಲ ಬಂತು. ಹೂವಿನ ಹಿಪ್ಪರಗಿಯಿಂದ ಶೇಂಗಾ ಹೋಳಿಗೆಯ ಡಬ್ಬಿ ಬಂತು, ಅದನ್ನು ತಂದವರು ಮನೆಯಲ್ಲಿ ಲಗ್ನವಿದೆ ಎಂದು ಕೈ ಮುಗಿದರು. ಮುದ್ದೇಬಿಹಾಳದವರಂತೂ ಹಲಗೆ ಬಾರಿಸುವವರನ್ನೂ ಕರೆಸಿದ್ದರು. ಗಾಲಿಗೆ ಕಾಯಿ ಒಡೆದು, ಡ್ರೈವರನ ಹಣೆಗೂ ಕುಂಕುಮ ಹಚ್ಚಿದರು. ಬಸ್ಸಿನ ಒಂದೊಂದು ಸೀಟಿನ ಮೇಲೂ ಒಂದೊಂದು ಬುತ್ತಿ ಕುಳಿತಿತ್ತು. ಯಾರ ಮೇಲೆ ಸಿಟ್ಟು ಮಾಡುವುದು? ಯಾರೂ ಮೋಸ ಮಾಡಲು ಬಂದವರಲ್ಲ. ನಸುಕಿನಲ್ಲಿ ಎದ್ದು, ಹೆಂಡಂದಿರನ್ನು ಎಬ್ಬಿಸಿ, ರೊಟ್ಟಿ ತಟ್ಟಿಸಿಕೊಂಡು ಬಂದಿದ್ದರು. ತಾವು ದೊಡ್ಡ ಮರ್ಯಾದೆ ಮಾಡುತ್ತಿದ್ದೇವೆಂದೇ ಅವರ ನಂಬಿಕೆ.

ನಾನೂ ಅಲ್ಲಿ ಇಳಿದೆ. ಅಂಗಡಿಗೆ ಮಾಲು ಬರುವುದಿದೆ, ಮುಂದಿನ ಸಲ ಖಂಡಿತ ಬರುತ್ತೇನೆ ಎಂದೇನೋ ತೊದಲಿದೆ. ನನ್ನ ಕೈಚೀಲದಲ್ಲಿ ಒಂದು ಟವೆಲ್ ಬಿಟ್ಟು ಏನೂ ಇರಲಿಲ್ಲ. ಅಂದರೆ ಮನೆ ಬಿಡುವಾಗಲೇ ನನಗೆ ಗೊತ್ತಿತ್ತು.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಿಟಕಿಯಿಂದ ಬಗ್ಗಿ, ಹಲಗೆಯ ಸದ್ದಿನಲ್ಲಿ ನನಗೊಬ್ಬನಿಗೇ ಕೇಳುವಂತೆ ಅಂದರು. "ಇಷ್ಟೆಲ್ಲ ಊಟ ಯಾಕೆ ಕೊಟ್ರಿ, ಸಾವ್ಕಾರ್ರೇ? ಯಾರಾದ್ರೂ ಒಬ್ಬರು ಇಲ್ಲ ಅಂತ ಹೇಳಿದ್ರೆ ಸಾಕಿತ್ತು."

ಬಸ್ಸು ಹೊರಟಿತು. ನಮ್ಮವರು ಅದು ಮರೆಯಾಗುವವರೆಗೆ ಕೈ ಬೀಸಿದರು.

ಎಂಟು ದಿನದ ಮೇಲೆ ಅವರ ಫೋನು ಬಂತು. ಬುತ್ತಿ ಯಾವುದೂ ಹಾಳಾಗಲಿಲ್ಲ, ಸಭೆಗೆ ಬಂದವರಿಗೆಲ್ಲ ಹಂಚಿದೆ, ಮನೆಯವರಿಗೆ ಹೇಳಿ ಎಂದರು. ಕೆಲಸದ ವಿಚಾರ ಅವರು ಎತ್ತಲಿಲ್ಲ, ನಾನು ಕೇಳಲಿಲ್ಲ. ಕೆಲವು ತಿಂಗಳ ನಂತರ ನಾನೇ ಮಾಡಿದಾಗ ಆ ನಂಬರು ಬಳಕೆಯಲ್ಲಿಲ್ಲ ಎಂದಿತು… ಹೋದ ವರ್ಷ ತಮ್ಮನ ಆಪರೇಷನ್ನಿಗೆಂದು ಮಂಗಳೂರಿಗೆ ಹೋಗಬೇಕಾಯಿತು. ಹಳೇ ಕಾರ್ಡು ಹಿಡಿದು ಸಂಘದ ಆಫೀಸು ಹುಡುಕಿದೆ. ಅಲ್ಲಿನ ಕಾವಲುಗಾರನಿಗೆ ಅವರ ನೆನಪಿತ್ತು. ಆ ಬಸ್ಸಿನ ತಿಂಗಳೇ ಕೆಲಸ ಹೋಯಿತಂತೆ. ಆಮೇಲೆ ಯಾವುದೋ ಲಾಡ್ಜಿನ ಕೌಂಟರಿನಲ್ಲಿ ಕೂರುತ್ತಿದ್ದರಂತೆ. ತೀರಿಕೊಂಡು ನಾಲ್ಕು ವರ್ಷವಾಯಿತು ಎಂದ.

ಆ ಸಂಜೆ ಸಮುದ್ರದ ದಂಡೆಗೆ ಹೋಗಿ ಕುಳಿತೆ. ಗಾಳಿ ಅವರು ಹೇಳಿದಷ್ಟೇ ತಂಪಾಗಿತ್ತು. ಮರುದಿನ ಪೇಟೆಯಲ್ಲಿ ನಿಂಬೆಹಣ್ಣು ನೋಡಿದೆ; ನಮ್ಮ ಕಡೆಯದೇ ಹಣ್ಣು, ಇನ್ಯಾರದೋ ಕೈ ದಾಟಿ, ಸುತ್ತಿ ಬಳಸಿ ಬಂದು ಬಿದ್ದಿತ್ತು. ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹೋದ ತಿಂಗಳು ಸಿಂದಗಿಯ ಕಲ್ಯಾಣ ಮಂಟಪದಲ್ಲಿ ಅಂಥದೇ ಇನ್ನೊಂದು ಸಭೆ ಇತ್ತು. ಅದೇ ಕರಾವಳಿಯಿಂದ ಬಂದ ಒಬ್ಬ ತರುಣಿ, ನನ್ನ ಮಗಳ ವಯಸ್ಸು. ಈಗ ಪುಸ್ತಕವಿಲ್ಲ, ಕೈಯಲ್ಲಿ ಟ್ಯಾಬ್. ಬಂದರಿಗೆ ಭೇಟಿ ಕೊಡಲು ಯಾರು ಯಾರು ಬರುತ್ತೀರಿ ಎಂದು ಕೇಳಿದಳು. "ಬರಕೋರಿ, ಬರಕೋರಿ" ಎಂದು ಎಲ್ಲರೂ ಶುರು ಮಾಡಿದರು. ನನ್ನ ಪಕ್ಕದವನು ನನ್ನ ಹೆಸರನ್ನೂ ಹೇಳಿಬಿಟ್ಟ. ನಾನು ಎದ್ದು ನಿಂತೆ.

"ಇದನ್ನ ನಂಬಬ್ಯಾಡವಾ ತಂಗಿ. ಇವರೊಳಗ ಒಬ್ಬರೂ ಬರಂಗಿಲ್ಲ."

ಈಗ ಮುದುಕರಾಗಿರುವ ಬೇಳೆ ಮಿಲ್ಲಿನ ಗೌಡರು ಮುಂದಿನ ಸಾಲಿನಿಂದ ತಿರುಗಿ, "ಊರಿಗೆ ಬಂದ ಹೆಣ್ಮಗಳ ಮುಂದ ಹಿಂಗ ಮಾತಾಡ್ತಾರೇನೋ?" ಎಂದರು.

ಹುಡುಗಿ ನನ್ನನ್ನೇ ನೋಡಿದಳು. "ನೀವು ಸರ್?"

"ನಾನೂ ಬರಂಗಿಲ್ಲವಾ," ಎಂದೆ.

ಅವಳು ಟ್ಯಾಬಿನ ಮೇಲೆ ಬೆರಳಾಡಿಸಿ ನನ್ನ ಹೆಸರು ತೆಗೆದಳು. "ಹೇಳಿದ್ದು ಒಳ್ಳೇದಾಯ್ತು ಸರ್. ಇನ್ನೂ ಎರಡು ವಾರ ಉಂಟು. ನಾನು ಬೇರೆ ಕಡೆ ಕೇಳ್ತೇನೆ," ಎಂದಳು. ಊಟಕ್ಕೆ ಎಬ್ಬಿಸಿದರು, ನಮ್ಮೆಲ್ಲರ ಜೊತೆಗೇ ಕುಳಿತು ಉಂಡಳು, ಮಧ್ಯಾಹ್ನದ ಬಸ್ಸಿಗೆ ಕಲಬುರಗಿಗೆ ಹೋದಳು. ಇಷ್ಟೇ ಆದದ್ದು. ಯಾರ ಮನೆತನಕ್ಕೂ ಏನೂ ಆಗಲಿಲ್ಲ.

ಸಾಹೇಬರು ನನ್ನ ಮನೆಯಲ್ಲಿ ಕೇಳಿದ ದಿನವೂ ಬಸ್ಸಿಗೆ ಹದಿನೈದು ದಿನವಿತ್ತು. ಅವರೂ ಬೇರೆ ಕಡೆ ಕೇಳಬಹುದಿತ್ತು. ಆ ಹದಿನೈದು ದಿನವನ್ನು ನಾನು ಅವರಿಗೆ ಕೊಡಲಿಲ್ಲ. ರೊಟ್ಟಿ ಕೊಟ್ಟೆ.